ಮೆಕಾಂಗ್ ಹೊಳೆಯ ದೈತ್ಯ ತೊರಕೆಯನ್ನು ನೋಡಲು ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ: ತೊರಕೆ (ಚಪ್ಪಟೆ ಮೈಯ ಮೀನು, ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ) ಕಾಣಿಸುವುದಿಲ್ಲ. ನಾನು ಮೂರು ಸಲ ಹೋಗಿ ಬಂದಿದ್ದೇನೆ, ಒಮ್ಮೆಯೂ ಕಂಡಿಲ್ಲ. ಕಾಣದ ಮೀನಿಗೆ ಗೈಡ್ ಬೇರೆ ಬರೆಯುತ್ತಾಳೆ ಅಂತ ನಗಬೇಡಿ. ಮೊದಲ ಸಲ ಕೆಂಪು ನೀರು ನೋಡಿಕೊಂಡು ಬಂದೆ. ಎರಡನೇ ಸಲ ಸ್ವಲ್ಪ ತಿಳಿಯಿತು. ಮೂರನೇ ಸಲ ಹೋದಾಗ ಮೀನೊಂದು ಬಿಟ್ಟು ಉಳಿದದ್ದೆಲ್ಲ ಕಂಡಿತು. ಅದು ಮಲಗುವ ಮಡು, ಆ ಮಡುವಿನ ಮರಳು, ಅದರ ಮುಳ್ಳು, ಅದು ಕಚ್ಚುವ ಗಾಳ. ಆ ಮೂರನೇ ಸಲದ ಪ್ರವಾಸ ನಿಮಗೆ ಮೊದಲನೇ ಸಲಕ್ಕೇ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಮೀನಿನ ತಜ್ಞೆ ಅಲ್ಲ. ಕಾಂಬೋಡಿಯಾದ ರಾಜಧಾನಿ ಫ್ನಾಮ್ ಪೆನ್‌ನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಹುಟ್ಟಿದ್ದು ಕರಾವಳಿಯಲ್ಲಿ, ತೊರಕೆ ಗಸಿ ತಿಂದುಕೊಂಡೇ ಬೆಳೆದವಳು. ತೊರಕೆ ಅಂದರೆ ಸಮುದ್ರದ್ದು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. 2022ರ ಜೂನ್‌ನಲ್ಲಿ ಆಫೀಸಿನ ಹುಡುಗಿಯೊಬ್ಬಳು ಫೋನ್ ಮುಂದೆ ಹಿಡಿದು ಒಂದು ಫೋಟೋ ತೋರಿಸಿದಳು. ಹೊಳೆಯ ದಡದಲ್ಲಿ ಒಂದು ತೊರಕೆ, ಅದರ ಸುತ್ತ ಮೊಣಕಾಲುದ್ದ ನೀರಿನಲ್ಲಿ ಜನ. ಮೀನು ನಮ್ಮ ಮನೆಯ ಡಬಲ್ ಮಂಚಕ್ಕಿಂತ ಅಗಲ. 300 ಕೆ.ಜಿ. ತೂಕ, ಮೂತಿಯಿಂದ ಬಾಲದ ತುದಿಗೆ ಹತ್ತಿರ ಹತ್ತಿರ 4 ಮೀಟರ್, ಅಗಲ 2.2 ಮೀಟರ್. ಸಮುದ್ರ ನೂರಾರು ಕಿಲೋಮೀಟರ್ ದೂರ ಇರುವ ಜಾಗದಲ್ಲಿ, ಅಪ್ಪಟ ಸಿಹಿನೀರಿನಲ್ಲಿ! ಅಲ್ಲಿಯವರೆಗೆ ದಾಖಲಾಗಿದ್ದ ಅತಿ ಭಾರದ ಸಿಹಿನೀರಿನ ಮೀನು ಅಂದರೆ 2005ರಲ್ಲಿ ಥಾಯ್ಲೆಂಡಿನಲ್ಲಿ ಸಿಕ್ಕ 293 ಕೆ.ಜಿ.ಯ ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್. ಇದು ಅದನ್ನೂ ಹಿಂದೆ ಹಾಕಿತು.

ಹೆಸರು ಮೊದಲು ಕಲಿಯಿರಿ

ಇಲ್ಲಿಯವರ ಖ್ಮೇರ್ ಭಾಷೆಯಲ್ಲಿ ಮೀನಿಗೆ ‘ತ್ರೇ’, ತೊರಕೆಗೆ ‘ಬೊಬೆಲ್’. ‘ತ್ರೇ ಬೊಬೆಲ್’ ಅಂದರೆ ಅಂಗಡಿಯವರಿಂದ ಹಿಡಿದು ದೋಣಿಯವರವರೆಗೆ ಎಲ್ಲರಿಗೂ ಗೊತ್ತು. ಇಂಗ್ಲಿಷ್ ಹೆಸರು ಹೇಳಿದರೆ ಸುಮ್ನೆ ನಗುತ್ತಾರೆ.

ಹೋಗುವ ಮೊದಲು ಓದಿಕೊಳ್ಳುವ ಅಭ್ಯಾಸ ಇದ್ದವರಿಗೆ ಒಂದು ಕಿವಿಮಾತು. ಈಗಿನ ವೈಜ್ಞಾನಿಕ ಹೆಸರು ಯುರೋಜಿಮ್ನಸ್ ಪಾಲಿಲೆಪಿಸ್. ಅದೊಂದನ್ನೇ ಹುಡುಕಿದರೆ ಹಳೆಯ ಬರಹಗಳೆಲ್ಲ ತಪ್ಪಿಹೋಗುತ್ತವೆ. 1990ರಲ್ಲಿ ಥಾಯ್ಲೆಂಡಿನ ಚಾವೊಫ್ರಾಯಾ ನದಿಯ ಹೆಸರಿಟ್ಟು ಇದನ್ನು ಹಿಮಾಂಟ್ಯೂರಾ ಚಾವೊಫ್ರಾಯಾ ಅಂತ ಕರೆದರು. ಆಮೇಲೆ ನೋಡಿದರೆ 1852ರಲ್ಲೇ ಬ್ಲೀಕರ್ ಎಂಬ ಡಚ್ ವಿಜ್ಞಾನಿ ಜಾವಾದ ಒಂದು ಮರಿಯನ್ನು ನೋಡಿ ‘ಪಾಲಿಲೆಪಿಸ್’ ಅಂತ ಹೆಸರಿಟ್ಟಾಗಿತ್ತು. ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎಂಬುದು ನಿಯಮ. ಹಾಗಾಗಿ ಎರಡೂ ಹೆಸರಿನಲ್ಲಿ ಹುಡುಕಿ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ‘ಅಳಿವಿನಂಚಿನಲ್ಲಿರುವ’ ಜೀವಿ.

ನನಗೆ ಇಷ್ಟವಾದದ್ದು ಬೇರೆ ಎರಡು ಹೆಸರು. ಆ 300 ಕೆ.ಜಿ.ಯ ತೊರಕೆಯನ್ನು ನೀರಿಗೆ ಬಿಡುವಾಗ ದಿಗಂತದಲ್ಲಿ ಚಂದ್ರ ಇದ್ದನಂತೆ. ಮೀನೂ ಗುಂಡಗೆ. ಅದಕ್ಕೆ ‘ಬೋರಮಿ’ ಅಂತ ಹೆಸರಿಟ್ಟರು. ಖ್ಮೇರ್‌ನಲ್ಲಿ ಹಾಗಂದರೆ ಹುಣ್ಣಿಮೆ. ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿ, ನಮ್ಮ ‘ಪೂರ್ಣಿಮೆ’ ಕೇಳಿಸುತ್ತದೆ. ಪಕ್ಕದ ಥಾಯ್ಲೆಂಡಿನಲ್ಲಿ ಇದೇ ಮೀನಿಗೆ ‘ಕ್ರಬೇನ್ ರಾಹು’ ಅನ್ನುತ್ತಾರೆ. ಹೌದು, ಅದೇ ರಾಹು, ಚಂದ್ರನನ್ನು ನುಂಗುವವನು. ಒಂದು ದೇಶದಲ್ಲಿ ಹುಣ್ಣಿಮೆ, ಪಕ್ಕದ ದೇಶದಲ್ಲಿ ಗ್ರಹಣ. ಇದನ್ನು ನಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಹಾಗಾದರೆ ತಿನ್ನಬಾರದು ಬಿಡು’ ಅಂದರು.

ಯಾವಾಗ ಹೋಗಬೇಕು

ಫೆಬ್ರವರಿ, ಮಾರ್ಚ್. ಏಪ್ರಿಲ್ ಮೊದಲ ವಾರವೂ ಆಗಬಹುದು. ಏಪ್ರಿಲ್ ಮಧ್ಯದಲ್ಲಿ ಬೇಡವೇ ಬೇಡ. ನಮ್ಮ ಸೌರಯುಗಾದಿಯ ಹೊತ್ತಿಗೇ ಖ್ಮೇರ್ ಹೊಸವರ್ಷ, ಇಡೀ ದೇಶ ಊರಿಗೆ ಹೊರಟಿರುತ್ತದೆ. ವ್ಯಾನಿನಲ್ಲಿ ನಿಮ್ಮ ತೊಡೆಯ ಮೇಲೆ ಯಾರದ್ದೋ ಕೋಳಿ ಇರುತ್ತದೆ.

ನಾನು ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ. ತಪ್ಪು ಒಂದಲ್ಲ, ಎರಡು. ಜೂನ್‌ನಿಂದ ಅಕ್ಟೋಬರ್ ಮಳೆಗಾಲ, ಮೆಕಾಂಗ್ ತುಂಬಿ ಹರಿಯುತ್ತದೆ. ಹೊಳೆಯ ದಡದ ಕ್ರಾಚೆ ಊರಿನಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ನೀರಿನ ಮಟ್ಟ ಹತ್ತು ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. ತುಂಬಿದ ಹೊಳೆಯಲ್ಲಿ ಮಡು ಯಾವುದು, ಆಳವಿಲ್ಲದ ಬಯಲು ನೀರು ಯಾವುದು ಅಂತ ಗೊತ್ತಾಗುವುದೇ ಇಲ್ಲ. ಎರಡನೇ ತಪ್ಪು, ‘ತೊರಕೆ ತೋರಿಸುತ್ತೇನೆ’ ಅಂದ ಏಜೆಂಟನನ್ನು ನಂಬಿದ್ದು. ಅವನು ಮುಂಗಡ ತೆಗೆದುಕೊಂಡ, ಒಂದು ದಡದಲ್ಲಿ ಇಳಿಸಿದ, ಅತ್ತ ಕೈ ತೋರಿಸಿದ. ‘ಕೆಳಗಿದೆ’ ಅಂದ. ಸುಳ್ಳಂತೂ ಹೇಳಲಿಲ್ಲ ಅಲ್ವಾ! ತೊರಕೆ ತೋರಿಸುತ್ತೇನೆ ಅನ್ನುವವನಿಗೆ ದುಡ್ಡು ಕೊಡಬೇಡಿ. ದೋಣಿಗೆ ಕೊಡಿ.

ದಾರಿ ಸುಲಭ. ಫ್ನಾಮ್ ಪೆನ್‌ನಿಂದ ಕ್ರಾಚೆಗೆ ವ್ಯಾನ್ ಇದೆ, ಐದಾರು ಗಂಟೆ. ನಕ್ಷೆಯಲ್ಲಿ ಕ್ರಾಟಿಯೆ ಅನ್ನುವ ಹಾಗೆ ಬರೆದಿರುತ್ತಾರೆ, ಊರವರ ಬಾಯಲ್ಲಿ ಕ್ರಾಚೆ. ಅಲ್ಲಿ ಒಂದೆರಡು ದಿನ ಇದ್ದು ಉತ್ತರಕ್ಕೆ ಸ್ತುಂಗ್ ತ್ರೆಂಗ್‌ಗೆ ಹೋಗಿ, ಸುಮಾರು 140 ಕಿ.ಮೀ. ತೊರಕೆಯ ಸೀಮೆ ಅಂದರೆ ಈ ಎರಡು ಊರುಗಳ ನಡುವಿನ ಹೊಳೆ. ಬೋರಮಿ ಸಿಕ್ಕಿದ್ದು ಸ್ತುಂಗ್ ತ್ರೆಂಗ್ ಪ್ರಾಂತ್ಯದ ಕೊಹ್ ಪ್ರೇಹ್ ಎಂಬ ದ್ವೀಪದ ಹತ್ತಿರ. ದುಡ್ಡು ರಿಯೆಲ್‌ನಲ್ಲೂ ನಡೆಯುತ್ತದೆ, ಡಾಲರಿನಲ್ಲೂ ನಡೆಯುತ್ತದೆ. ಹಳ್ಳಿಯಲ್ಲಿ ಚಿಲ್ಲರೆ ರಿಯೆಲ್ ಇಟ್ಟುಕೊಳ್ಳಿ. ಹರಿದ ಡಾಲರ್ ನೋಟು ಯಾರೂ ಮುಟ್ಟುವುದಿಲ್ಲ.

ದಾರಿಯಲ್ಲಿ ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಅಂಟು ಅಕ್ಕಿ ಮಾರುತ್ತಾರೆ, ಹೆಸರು ಕ್ರೋಲಾನ್. ತೆಂಗಿನಹಾಲು, ಕಾಳು ಹಾಕಿರುತ್ತಾರೆ. ಎರಡು ಜಾಸ್ತಿ ಕೊಳ್ಳಿ. ದೋಣಿಯಲ್ಲಿ ಮಧ್ಯಾಹ್ನದ ಊಟ ಅದೇ.

ಮಡು ಹುಡುಕುವುದು

ಇನ್ನು ಮುಖ್ಯ ಕೆಲಸ. ಈ ಹೊಳೆಯ ಜೀವ ಇರುವುದು ಮಡುಗಳಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಮೀನುಗಳೆಲ್ಲ ಆಳದ ಗುಂಡಿಗಳಿಗೆ ಸೇರಿಕೊಳ್ಳುತ್ತವೆ. ಮಳೆ ಬಂದ ಮೇಲೆ ಹೊರಟು ಎಲ್ಲೆಲ್ಲಿಗೋ ಹೋಗಿ ಮೊಟ್ಟೆ ಇಡುತ್ತವೆ. ನಮ್ಮ ಹೊಳೆಗಳ ದೇವರ ಮಡುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖ್ಮೇರ್‌ನಲ್ಲಿ ಮಡುವಿಗೆ ‘ಅನ್ಲುಂಗ್’ ಅನ್ನುತ್ತಾರೆ. ಊರಿನ ಹೆಸರಿನಲ್ಲಿ ಅನ್ಲುಂಗ್ ಅಂತ ಬಂದರೆ ಕಿವಿ ನಿಮಿರಲಿ. ಕ್ರಾಚೆ–ಸ್ತುಂಗ್ ತ್ರೆಂಗ್ ನಡುವೆ 80 ಮೀಟರ್‌ವರೆಗೂ ಆಳದ ಮಡುಗಳಿವೆ.

ಕಣ್ಣು ಪಳಗಿಸಲು ಮೊದಲು ಡಾಲ್ಫಿನ್ ನೋಡಿ. ಕ್ರಾಚೆಯಿಂದ 15 ಕಿ.ಮೀ. ಉತ್ತರಕ್ಕೆ ಕಂಪಿ ಅಂತ ಜಾಗ. ಅಲ್ಲಿನ ಮಡುವಿನಲ್ಲಿ ಇರಾವಡಿ ಡಾಲ್ಫಿನ್‌ಗಳಿವೆ. ಅವುಗಳಿಗೂ ಮಡುವೇ ಮನೆ, ಆದರೆ ಉಸಿರಿಗೆ ಮೇಲೆ ಬರಲೇಬೇಕು. ತೊರಕೆಗೆ ಆ ಅಗತ್ಯ ಇಲ್ಲ. ಹಾಗಾಗಿ ಡಾಲ್ಫಿನ್ ಎದ್ದ ಜಾಗದ ನೀರು ಹೇಗಿದೆ ಅಂತ ನೋಡಿಕೊಳ್ಳಿ. ಎಣ್ಣೆ ಸವರಿದ ಹಾಗೆ ನುಣುಪು. ಬಣ್ಣ ಕಪ್ಪು. ಅಲ್ಲಲ್ಲಿ ಅಡಿಯಿಂದ ಯಾರೋ ತಳ್ಳಿದ ಹಾಗೆ ನೀರು ಉಬ್ಬಿ ನಿಧಾನವಾಗಿ ತಿರುಗುತ್ತದೆ. ಪಕ್ಕದ ಬಯಲು ನೀರಿನಲ್ಲಿ ಹಾಗಿರುವುದಿಲ್ಲ, ಸಣ್ಣ ಸಣ್ಣ ಸುಕ್ಕು ಮಿನುಗುತ್ತದೆ. ಹೊಳೆ ತಿರುಗುವ ಕಡೆ, ಹೊರಗಿನ ದಡ ಕಡಿದಾಗಿದ್ದರೆ ಅದರ ಕೆಳಗೆ ಮಡು ಇರುವ ಸಾಧ್ಯತೆ ಜಾಸ್ತಿ. ಬಂಡೆಗಳ ಸಾಲು ದಾಟಿದ ಕೂಡಲೇ ಸಹ.

ಉತ್ತರದಲ್ಲಿ, ಲಾವೋಸ್ ಗಡಿಯ ಹತ್ತಿರದ ಮಡುವಿನಲ್ಲೂ ಮೊದಲು ಡಾಲ್ಫಿನ್ ಇತ್ತು. ಕೊನೆಗೆ ಉಳಿದಿದ್ದ ಒಂದೇ ಒಂದು 2022ರ ಫೆಬ್ರವರಿಯಲ್ಲಿ ಸತ್ತಿತು. ಬೋರಮಿ ಸಿಕ್ಕಿದ್ದಕ್ಕೆ ನಾಲ್ಕೇ ತಿಂಗಳು ಮೊದಲು.

ಮೂರನೇ ಸಲ ನನಗೆ ಸಿಕ್ಕ ದೋಣಿಯವರು ಅರವತ್ತು ದಾಟಿದವರು. ದೋಣಿಯ ಹಲಗೆಯ ಕೆಳಗಿನಿಂದ ಒಂದು ಹಗ್ಗ ತೆಗೆದರು. ನೀಲಿ ನೈಲಾನ್ ಹಗ್ಗ, ಬೆರಳಿನಷ್ಟೂ ದಪ್ಪ ಇಲ್ಲ. ತುದಿಯಲ್ಲಿ ಬೈಕಿನ ಯಾವುದೋ ಹಳೆಯ ಕಬ್ಬಿಣದ ತುಂಡು. ಹಗ್ಗದ ಉದ್ದಕ್ಕೂ ಪ್ಲಾಸ್ಟಿಕ್ ಚೀಲದ ಚೂರುಗಳನ್ನು ಗಂಟು ಹಾಕಿದ್ದರು. ಒಂದೊಂದು ಗಂಟಿಗೂ ನಡುವೆ ಎಷ್ಟು ಅಂತ ಕೇಳಿದೆ. ಎರಡೂ ಕೈ ಚಾಚಿ ತೋರಿಸಿದರು. ‘ಮೊಯ್ ಪ್ಯಾಮ್.’ ಒಂದು ಮಾರು! ನಮ್ಮಜ್ಜ ಬಾವಿಹಗ್ಗ ಅಳೆಯುತ್ತಿದ್ದದ್ದು ಹೀಗೇ, ಎರಡು ಕೈ ಚಾಚಿ. ಸಂಸ್ಕೃತದ ‘ವ್ಯಾಮ’ವೇ ಇವರ ಪ್ಯಾಮ್ ಅಂತ ಆಮೇಲೆ ತಿಳಿಯಿತು.

ಅವರು ಕಬ್ಬಿಣದ ತುಂಡಿನ ಅಡಿಯಲ್ಲಿದ್ದ ತೂತಿಗೆ ಬಟ್ಟೆ ಸೋಪಿನ ಚೂರು ಒತ್ತಿದರು. ದೋಣಿಯ ಇಂಜಿನ್ ನಿಲ್ಲಿಸಿ, ತೇಲುವ ಹಾಗೆ ಬಿಟ್ಟು, ಹಗ್ಗ ಇಳಿಸಿದರು. ಹಗ್ಗ ಓರೆಯಾಗದೆ ನೇರ ಇಳಿಯಬೇಕು. ಅದಕ್ಕೆ ದೋಣಿಯೂ ನೀರಿನ ಜೊತೆಗೇ ಹೋಗಬೇಕು, ಲಂಗರು ಹಾಕಬಾರದು. ಗಂಟುಗಳನ್ನು ನಾನು ಎಣಿಸಿದೆ. ಹನ್ನೆರಡು, ಹದಿಮೂರು. ಇಪ್ಪತ್ತು. ಇಪ್ಪತ್ತೇಳಕ್ಕೆ ಹಗ್ಗ ಸಡಿಲವಾಯಿತು. 27 ಮಾರು. ಅವರು ಗಿಡ್ಡ ಆಳು, ಕೈ ಚಾಚಿದರೆ 1.6 ಮೀಟರ್ ಅಂತ ಹಿಡಿದರೂ 43 ಮೀಟರ್ ಆಯಿತು. ಹದಿನಾಲ್ಕು ಮಹಡಿ ಕಟ್ಟಡ ನಿಲ್ಲಿಸಬಹುದು. ನಾವು ಅದರ ತಾರಸಿಯ ಮೇಲೆ ಕ್ರೋಲಾನ್ ತಿನ್ನುತ್ತಾ ಕೂತಿದ್ದೆವು.

ಹಗ್ಗ ಮೇಲೆ ಬಂದಾಗ ಸೋಪಿಗೆ ಮರಳು ಅಂಟಿತ್ತು. ಅವರು ಬೆರಳಿನಲ್ಲಿ ಉಜ್ಜಿ ನೋಡಿ ತಲೆಯಾಡಿಸಿದರು. ‘ಬೊಬೆಲ್ ಮಲಗುವ ಹಾಸಿಗೆ’ ಅಂದರು. ತೊರಕೆ ಮರಳಿನಲ್ಲೋ ಕೆಸರಿನಲ್ಲೋ ಹೂತುಕೊಂಡು, ಕಣ್ಣು ಮತ್ತು ಕಣ್ಣಿನ ಹಿಂದಿರುವ ಎರಡು ತೂತು ಮಾತ್ರ ಹೊರಗಿಟ್ಟು ಮಲಗುತ್ತದೆ. ಬಾಯಿ ಹೊಟ್ಟೆಯ ಕಡೆ ಇರುವುದರಿಂದ ಉಸಿರಾಟದ ನೀರನ್ನು ಆ ತೂತುಗಳಿಂದಲೇ ಎಳೆದುಕೊಳ್ಳುತ್ತದೆ. ಆ ಆಳದಲ್ಲಿ, ಆ ಕೆಸರು ನೀರಿನಲ್ಲಿ ಕಣ್ಣಿದ್ದೂ ಪ್ರಯೋಜನ ಇಲ್ಲ. ಸಿಗಡಿ, ಏಡಿ, ಚಿಪ್ಪುಮೀನು, ಸಣ್ಣ ಮೀನು ಅಲುಗಾಡಿದರೆ ಅವುಗಳ ಮೈಯಿಂದ ಹೊರಡುವ ನವಿರಾದ ವಿದ್ಯುತ್ತನ್ನು ಮೂತಿಯಿಂದಲೇ ಹಿಡಿಯುತ್ತದೆ.

ಎರಡನೇ ಜಾಗದಲ್ಲಿ ಸೋಪು ಖಾಲಿ ಬಂತು, ಒಂದು ಗೀರು ಮಾತ್ರ. ಬಂಡೆ. ಮೂರನೇ ಜಾಗದಲ್ಲಿ ಹಗ್ಗ ಸಿಕ್ಕಿಕೊಂಡಿತು. ಜಗ್ಗಿ ಜಗ್ಗಿ ಎಳೆದರೆ ಕಬ್ಬಿಣದ ಜೊತೆ ಒಂದು ಮೊಳ ಹಳೆಯ ಬಲೆ ಮೇಲೆ ಬಂತು. ಪಾಚಿ ಕಟ್ಟಿತ್ತು, ಆದರೆ ದಾರ ಗಟ್ಟಿಯಾಗಿಯೇ ಇತ್ತು. 2022ರಲ್ಲಿ ಸಂಶೋಧಕರು ಈ ಮಡುಗಳಿಗೆ ಕ್ಯಾಮೆರಾ ಇಳಿಸಿದಾಗ ತೀರಾ ಆಳದಲ್ಲೂ ಪ್ಲಾಸ್ಟಿಕ್ ಕಸ, ಯಾರೋ ಕಳೆದುಕೊಂಡ ಬಲೆಗಳು ಕಂಡವಂತೆ. ಯಜಮಾನನಿಲ್ಲದ ಬಲೆಯೂ ಮೀನು ಹಿಡಿಯುತ್ತಲೇ ಇರುತ್ತದೆ. ನಾವು ಆ ಚೂರನ್ನು ದೋಣಿಯಲ್ಲೇ ಇಟ್ಟುಕೊಂಡು ಬಂದೆವು. ನೀವೂ ಒಂದು ಗೋಣಿಚೀಲ ಒಯ್ಯಿರಿ.

ಸ್ತುಂಗ್ ತ್ರೆಂಗ್‌ನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ಹೊಳೆ 1999ರಿಂದ ರಾಮ್ಸಾರ್ ಜೌಗು ಪ್ರದೇಶ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಗುರುತಿಸಿದ ಜಾಗ. ಅಲ್ಲಿ ಮರಗಳು ಹೊಳೆಯ ನಡುವೆಯೇ ನಿಂತಿರುತ್ತವೆ. ಬೇರು ಹೊರಗೆ, ಮೈ ಪೂರ್ತಿ ನೀರು ಹರಿಯುವ ದಿಕ್ಕಿಗೆ ಬಾಗಿ. ತಲೆ ಎತ್ತಿ ಕೊಂಬೆ ನೋಡಿ. ನಿಮ್ಮ ತಲೆಯ ಮೇಲೆ ಹುಲ್ಲು, ಚಿಂದಿ, ಒಣಗಿದ ಕಡ್ಡಿಗಳ ಗೂಡು ಸಿಕ್ಕಿಕೊಂಡಿರುತ್ತದೆ. ಹೋದ ಮಳೆಗಾಲದ ನೀರು ಅಲ್ಲಿಯವರೆಗೆ ಇತ್ತು ಅಂತ ಅರ್ಥ.

ಲೈಫ್ ಜಾಕೆಟ್ ಹಾಕಿಕೊಳ್ಳದೆ ದೋಣಿ ಹತ್ತಬೇಡಿ. ಇಲ್ಲ ಅಂದರೆ ಬೇರೆ ದೋಣಿ ನೋಡಿ. ಇದರಲ್ಲಿ ಸಂಕೋಚ ಬೇಡ.

ಮಾತನಾಡಿಸುವುದು

ಖ್ಮೇರ್‌ನಲ್ಲಿ ‘ನೀವು’ ಅನ್ನುವುದಕ್ಕಿಂತ ಸಂಬಂಧ ಹಚ್ಚಿ ಕರೆಯುವುದು ಜಾಸ್ತಿ. ನಮ್ಮ ಹಾಗೇ. ನಿಮಗಿಂತ ಸ್ವಲ್ಪ ದೊಡ್ಡವರಿಗೆ ‘ಬೊಂಗ್’. ಅಣ್ಣನಿಗೂ ಅದೇ, ಅಕ್ಕನಿಗೂ ಅದೇ. ಚಿಕ್ಕಪ್ಪನ ವಯಸ್ಸಿನವರಿಗೆ ‘ಪು’, ಚಿಕ್ಕಮ್ಮನಂಥವರಿಗೆ ‘ಮಿಂಗ್’, ಅಜ್ಜನಿಗೆ ‘ತಾ’, ಅಜ್ಜಿಗೆ ‘ಯೇ’. ನಮ್ಮ ದೋಣಿಯವರನ್ನು ನಾನು ‘ಪು’ ಅಂದೆ. ಸಂಜೆ ಹೊತ್ತಿಗೆ ಅವರು ನನ್ನನ್ನು ‘ಕ್ಮೊಯ್’ ಅಂದರು, ಅಂದರೆ ಮಗಳ ಸಮಾನ, ಅಣ್ಣನ ಮಗಳು. ಮಾತು ಸಲೀಸಾದದ್ದು ಅಲ್ಲಿಂದಲೇ.

ಕೇಳುವ ಪ್ರಶ್ನೆಯೂ ಮುಖ್ಯ. ‘ದೊಡ್ಡ ತೊರಕೆ ಇದೆಯಾ’ ಅಂತ ಕೇಳಿದರೆ ಇದೆ ಅನ್ನುತ್ತಾರೆ, ಕಥೆ ಮುಗಿಯಿತು. ‘ಕೊನೆಯ ಸಲ ಯಾವಾಗ ನೋಡಿದಿರಿ, ಯಾವ ಗಾಳಕ್ಕೆ ಬಂತು, ಎಷ್ಟು ಅಗಲ ಇತ್ತು’ ಅಂತ ಕೇಳಿ. ಕೈ ಚಾಚಿ ತೋರಿಸುತ್ತಾರೆ. ಆಮೇಲೆ ‘ನಿಮ್ಮ ಅಪ್ಪನ ಕಾಲದಲ್ಲಿ?’ ಅಂತ ಕೇಳಿ. ಪು ಎರಡೂ ಕೈ ಚಾಚಿ, ಸಾಲದೆ, ನನ್ನ ಕೈಯನ್ನೂ ಚಾಚಲು ಹೇಳಿದರು.

ಅವರ ಮನೆಯ ಗೋಡೆಗೆ ಒಂದು ಮುಳ್ಳು ಸಿಕ್ಕಿಸಿದ್ದರು. ಬಾಲದ ಬುಡದಲ್ಲಿರುವ ಮುಳ್ಳು. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಉದ್ದ, ಹಳೆಯ ದಂತದ ಬಣ್ಣ. ತುದಿಯಿಂದ ಬುಡಕ್ಕೆ ಸವರಿದರೆ ನುಣ್ಣಗಿದೆ. ಬುಡದಿಂದ ತುದಿಗೆ ಬೆರಳು ತಂದರೆ ಗರಗಸ. ಹಲ್ಲುಗಳೆಲ್ಲ ಹಿಂದಕ್ಕೆ ಬಾಗಿವೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವಾಗ ಮಾಂಸ ಹರಿದುಕೊಂಡೇ ಬರಬೇಕು. ಈ ಜಾತಿಯ ಮುಳ್ಳು 38 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಯಾರಾದರೂ ಮಾರುತ್ತೇನೆ ಅಂದರೆ ದಯವಿಟ್ಟು ಕೊಳ್ಳಬೇಡಿ. ಒಂದು ಮುಳ್ಳಿಗೆ ಬೆಲೆ ಬಂತು ಅಂದರೆ ಮುಂದಿನದಕ್ಕೂ ಬರುತ್ತದೆ.

ಇಲ್ಲಿ ಯಾರೂ ತೊರಕೆಯನ್ನೇ ಹಿಡಿಯಬೇಕು ಅಂತ ಹೊರಡುವುದಿಲ್ಲ. ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ, ಎರೆ ಸಿಕ್ಕಿಸಿ, ರಾತ್ರಿ ಹೊಳೆಯಲ್ಲಿ ಬಿಟ್ಟು ಬರುತ್ತಾರೆ. ಆಸೆ ಬೇರೆ ಮೀನಿನದು. 2022ರ ಮೇ ತಿಂಗಳಲ್ಲಿ ಸ್ತುಂಗ್ ತ್ರೆಂಗ್‌ನಲ್ಲಿ 180 ಕೆ.ಜಿ.ಯ ಹೆಣ್ಣು ತೊರಕೆ ಸಿಕ್ಕಿದ್ದು ಹಾಗೆಯೇ. ಗಾಳಕ್ಕೆ ಬಿದ್ದಿದ್ದ ಸಣ್ಣ ಮೀನನ್ನು ನುಂಗಿ ತಾನೂ ಸಿಕ್ಕಿಕೊಂಡಿತು. ಅದನ್ನೂ ಅಳತೆ ಮಾಡಿ ನೀರಿಗೆ ಬಿಟ್ಟರು. ಬೋರಮಿಯನ್ನು ಹಿಡಿದ ಮೀನುಗಾರ ಸಂಶೋಧಕರಿಗೆ ತಾನೇ ತಿಳಿಸಿದ. ಮಾರುಕಟ್ಟೆಯ ಬೆಲೆ ಅಂತ ಅವನಿಗೆ ಸುಮಾರು 600 ಡಾಲರ್ ಕೊಟ್ಟರು. ಬಾಲದ ಹತ್ತಿರ ಸದ್ದು ಹೊರಡಿಸುವ ಒಂದು ಟ್ಯಾಗ್ ಹಾಕಿ ಬಿಟ್ಟರು, ಮೀನು ಎಲ್ಲಿದೆ ಅಂತ ತಿಳಿಯಲು ನೀರೊಳಗೆ ಇಟ್ಟ ಪೆಟ್ಟಿಗೆಗಳು ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದವು. ಈ ಕೆಲಸ ಮಾಡಿದ್ದು ‘ವಂಡರ್ಸ್ ಆಫ್ ದ ಮೆಕಾಂಗ್’ ಎಂಬ ಯೋಜನೆ ಮತ್ತು ಕಾಂಬೋಡಿಯಾದ ಮೀನುಗಾರಿಕೆ ಇಲಾಖೆ. ಲೆಕ್ಕ ನೋಡುವವಳಾಗಿ ಹೇಳುತ್ತೇನೆ, ಆ 600 ಡಾಲರ್ ಬಹಳ ಸರಿಯಾದ ಖರ್ಚು. ಹೊಟ್ಟೆಪಾಡಿನವನಿಗೆ ನಷ್ಟ ಆಗದ ಹಾಗೆ ನೋಡಿಕೊಂಡರೆ ಅವನು ಮುಂದಿನ ಸಲವೂ ಫೋನ್ ಮಾಡುತ್ತಾನೆ. ಪೊಲೀಸ್ ಬರುತ್ತಾರೆ ಅಂತ ಹೆದರಿಸಿದರೆ ಕತ್ತಲಲ್ಲೇ ಕತ್ತರಿಸಿ ಮಾರುತ್ತಾನೆ.

ಬೆಳಗಿನ ಮೀನು ಮಾರುಕಟ್ಟೆಗೂ ಹೋಗಿ. ಕೆಲವೊಮ್ಮೆ ಹಲಗೆಯ ಮೇಲೆ ಸಣ್ಣ ತೊರಕೆಯ ತುಂಡು ಇರುತ್ತದೆ. ಈ ಹೊಳೆಯಲ್ಲಿ ಬೇರೆ ಸಣ್ಣ ತೊರಕೆಗಳೂ ಇವೆ, ಮೆಕಾಂಗ್ ತೊರಕೆ ಅಂತ ಇನ್ನೊಂದು ಜಾತಿ ಇದೆ, ಅದೂ ಅಳಿವಿನಂಚಿನದ್ದೇ. ದೈತ್ಯ ತೊರಕೆಯ ಮರಿಯೂ ಆಗಿರಬಹುದು. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದು ಸಲಕ್ಕೆ ಒಂದರಿಂದ ನಾಲ್ಕು, ಹುಟ್ಟುವಾಗಲೇ ಒಂದಡಿ ಅಗಲ. ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊಳ್ಳಬೇಡಿ, ತಿನ್ನಬೇಡಿ. ಆದರೆ ಮಾರುವ ಮಿಂಗ್‌ಗೆ ಪಾಠ ಹೇಳಲು ನಿಲ್ಲಬೇಡಿ. ಮುಖದ ಮುಂದೆ ಫೋನ್ ಹಿಡಿಯಬೇಡಿ. ಪಕ್ಕದಲ್ಲಿರುವ ಬೇರೆ ಮೀನು ಕೊಂಡು, ಇದು ಯಾವ ಕಡೆಯಿಂದ ಬಂತು ಅಂತ ಕೇಳಿ ಬನ್ನಿ.

ಸೇತುವೆಯ ಮೇಲಿಂದ

ಅರ್ಧ ದಿನ ಸ್ತುಂಗ್ ತ್ರೆಂಗ್ ಊರಿನಲ್ಲೇ ಇಟ್ಟುಕೊಳ್ಳಿ. ಸೆಕಾಂಗ್ ನದಿ ಇಲ್ಲಿ ಮೆಕಾಂಗ್‌ಗೆ ಸೇರುತ್ತದೆ. ಸ್ವಲ್ಪ ಮೇಲೆ ಸೆಸಾನ್ ಬಂದು ಸೆಕಾಂಗ್‌ಗೆ ಸೇರಿರುತ್ತದೆ, ಅದಕ್ಕೂ ಮೇಲೆ ಸ್ರೆಪೋಕ್ ಬಂದು ಸೆಸಾನ್‌ಗೆ. ಆ ಸೆಸಾನ್–ಸ್ರೆಪೋಕ್ ಕೂಡುವ ಜಾಗದ ಕೆಳಗೇ 2018ರಲ್ಲಿ 400 ಮೆಗಾವ್ಯಾಟ್‌ನ ಅಣೆಕಟ್ಟು ಶುರುವಾಯಿತು. ಉತ್ತರಕ್ಕೆ ಲಾವೋಸ್ ಗಡಿ ದಾಟಿದ ಕೂಡಲೇ ಡಾನ್ ಸಹೊಂಗ್ ಅಣೆಕಟ್ಟು, 2020ರಿಂದ. ಎರಡು ಕಡೆಯಿಂದಲೂ ಬಾಗಿಲು ಹಾಕಿದ ಹಾಗೆ.

ಮೆಕಾಂಗ್‌ಗೆ 2015ರಲ್ಲಿ ಕಟ್ಟಿದ ದೊಡ್ಡ ಸೇತುವೆಯ ಮೇಲೆ ಸಂಜೆ ನಿಂತು ನೀರಿನ ಬಣ್ಣ ನೋಡಿ. ಹೊಳೆ ಕೆಂಪಗಿದ್ದರೆ ಮಣ್ಣು ಬರುತ್ತಿದೆ ಅಂತ ಲೆಕ್ಕ. ಮಡುವಿನ ಕೆಸರು, ಮರಳು, ಹೊಲದ ಗೊಬ್ಬರ ಎಲ್ಲ ಅದೇ ಮಣ್ಣು. 2019ರ ಕೊನೆಯಲ್ಲಿ ಮೆಕಾಂಗ್ ಕೆಲವು ಕಡೆ ಸಮುದ್ರದ ಹಾಗೆ ನೀಲಿಯಾಗಿತ್ತು. ಫೋಟೋ ಬಹಳ ಚಂದ ಬಂದವು. ಮಣ್ಣು ಮೇಲಿನ ಅಣೆಕಟ್ಟುಗಳ ಹಿಂದೆ ಕೂತಿತ್ತು, ನೀರೂ ಕಡಿಮೆ ಇತ್ತು. ಚಂದದ ನೀಲಿ ಕಂಡರೆ ಖುಷಿಪಡಬೇಡಿ. ಒಂದು ಸಮಾಧಾನ ಅಂದರೆ, ಮೆಕಾಂಗ್‌ನ ಮುಖ್ಯ ಹೊಳೆಗೆ ಹತ್ತು ವರ್ಷ ಹೊಸ ಅಣೆಕಟ್ಟು ಕಟ್ಟುವುದಿಲ್ಲ ಅಂತ ಕಾಂಬೋಡಿಯಾ 2020ರಲ್ಲಿ ಹೇಳಿತು. ಹತ್ತು ವರ್ಷ ಬೇಗ ಮುಗಿಯುತ್ತದೆ.

ಎದುರಿಗೇ ಸಿಕ್ಕಿಬಿಟ್ಟರೆ

ನೀವು ಇರುವಾಗಲೇ ಯಾರದ್ದೋ ಗಾಳಕ್ಕೆ ತೊರಕೆ ಬಿತ್ತು ಅಂದುಕೊಳ್ಳಿ. ನಿಮ್ಮ ಅದೃಷ್ಟ, ಮೀನಿನ ದುರದೃಷ್ಟ. ಮೊದಲ ಕೆಲಸ, ಬಾಲದಿಂದ ದೂರ ನಿಲ್ಲಿ. ಅದರ ಬಾಲ ಚಾಟಿಯ ಹಾಗೆ, ಮೈಗಿಂತ ಉದ್ದ. ಎರಡನೆಯದು, ದೋಣಿಯವರ ಮೂಲಕ ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿಸಿ. ಅಲ್ಲಿಯವರೆಗೆ ಮೀನು ನೀರಿನಲ್ಲೇ ಇರಲಿ. ಕಣ್ಣಿನ ಹಿಂದಿನ ತೂತಿಗೆ ಕೈ ಹಾಕಿ ಎತ್ತುವುದು, ಬಾಲ ಹಿಡಿದು ಎಳೆಯುವುದು, ಎರಡೂ ಕೊಲ್ಲುವ ಕೆಲಸ. ಗಾಳ ಒಳಗೆ ಹೋಗಿದ್ದರೆ ಕೆದಕಬಾರದು, ದಾರವನ್ನು ಹತ್ತಿರದಲ್ಲೇ ಕತ್ತರಿಸಿದರೆ ಸಾಕು. ಪಕ್ಕದಲ್ಲಿ ನಿಂತು ಸೆಲ್ಫಿ ಬೇಡ. ಗಂಡ ನನಗೆ ಬೈಯುತ್ತಾರೆ, ‘ನೀನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ’ ಅಂತ. ಇರಬಹುದು.

ಬಯಲು ನೀರಿನಲ್ಲಿ ಇಳಿದು ನಡೆಯುವಾಗ ಕಾಲು ಎತ್ತಿಡಬೇಡಿ, ತಳಕ್ಕೆ ಉಜ್ಜುತ್ತಾ ನಡೆಯಿರಿ. ಮರಳಿನಲ್ಲಿ ಸಣ್ಣ ತೊರಕೆ ಇದ್ದರೆ ಓಡಿಹೋಗುತ್ತದೆ. ಅದು ತಾನಾಗಿ ಬಂದು ಚುಚ್ಚುವುದಿಲ್ಲ, ತುಳಿದರೆ ಮಾತ್ರ. ಚುಚ್ಚಿತು ಅಂದರೆ ಗಾಯ ತೊಳೆದು, ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲು ಅದ್ದಿಡಿ. ನೋವು ತಗ್ಗುತ್ತದೆ. ನೀರಿನ ಬಿಸಿಯನ್ನು ನೋವಿಲ್ಲದ ಕಾಲಿನಲ್ಲಿ ನೋಡಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ. ಎದೆಗೋ ಹೊಟ್ಟೆಗೋ ಕುತ್ತಿಗೆಗೋ ಮುಳ್ಳು ಹೊಕ್ಕಿದ್ದರೆ ಕೀಳಲೇಬೇಡಿ, ಹಾಗೇ ಆಸ್ಪತ್ರೆಗೆ. ಚಿಕ್ಕ ಗಾಯವಾದರೂ ವೈದ್ಯರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬಿಡಬೇಡಿ.

ಇಷ್ಟೆಲ್ಲ ಓದಿ ‘ನನಗೆ ನೋಡಲೇಬೇಕು’ ಅನ್ನುವವರು ಥಾಯ್ಲೆಂಡಿನ ಮೇಕ್ಲೋಂಗ್ ನದಿಯ ಬಗ್ಗೆ ಕೇಳಿರುತ್ತೀರಿ. ಅಲ್ಲಿ ಮೋಜಿನ ಗಾಳಗಾರರು ಇದನ್ನು ಹಿಡಿದು ಬಿಡುತ್ತಾರೆ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಬಸುರಿ ತೊರಕೆ ಗಾಳದ ಎಳೆದಾಟದಲ್ಲಿ ಹೊಟ್ಟೆಯ ಮರಿಗಳನ್ನು ಅಕಾಲದಲ್ಲೇ ಹೊರಹಾಕಿಬಿಡುವುದುಂಟು. ಬಿಟ್ಟೆವು ಅಂದರೆ ಪೂರ್ತಿ ಬಿಟ್ಟ ಹಾಗಲ್ಲ. ಅದೂ ಅಲ್ಲದೆ 2016ರಲ್ಲಿ ಆ ನದಿಯಲ್ಲಿ ಹತ್ತಾರು ದೈತ್ಯ ತೊರಕೆಗಳು ಕೆಲವೇ ವಾರಗಳಲ್ಲಿ ಸತ್ತು ತೇಲಿದವು. ಕಾರ್ಖಾನೆಯ ಕೊಳೆ ನೀರಿನ ಮೇಲೆ ಅನುಮಾನ ಬಂತು. ಉಳಿದಿರುವವುಗಳನ್ನು ನೆಮ್ಮದಿಯಾಗಿ ಇರಲು ಬಿಡೋಣ.

ಕೊನೆಯ ಸಲ ವಾಪಸ್ಸು ಬರುವ ಹಿಂದಿನ ಸಂಜೆ ಪು ಇನ್ನೊಂದು ಜಾಗಕ್ಕೆ ಕರೆದುಕೊಂಡು ಹೋದರು. ದಡ ಗೋಡೆಯ ಹಾಗೆ ಕಡಿದು ಇತ್ತು, ನೀರು ಕಪ್ಪಗೆ ನುಣ್ಣಗೆ. ಇಂಜಿನ್ ನಿಲ್ಲಿಸಿ ಹಗ್ಗ ಬಿಟ್ಟರು. ನಾನು ಎಣಿಸಿದೆ. ಇಪ್ಪತ್ತೇಳು ದಾಟಿತು. ಮೂವತ್ತೈದು. ನಲವತ್ತನೇ ಗಂಟು ಅವರ ಬೆರಳಿನಿಂದ ಜಾರಿತು, ಅಲ್ಲಿಗೆ ಹಗ್ಗ ಮುಗಿಯಿತು. ಇನ್ನೂ ಬಿಗಿಯಾಗಿಯೇ ಇತ್ತು, ಕಬ್ಬಿಣ ಕೆಳಗೆಲ್ಲೋ ತೂಗಾಡುತ್ತಿತ್ತು. ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತರು. ಆಮೇಲೆ ಮೇಲೆಳೆದು, ಸುರುಳಿ ಸುತ್ತಿ, ಹಲಗೆಯ ಕೆಳಗೆ ಇಟ್ಟರು.

‘ಕ್ಮೊಯ್, ಮುಂದಿನ ಸಲ ಬರುವಾಗ ಫ್ನಾಮ್ ಪೆನ್‌ನಿಂದ ಹಗ್ಗ ತಾ’ ಅಂದರು. ‘ಇಪ್ಪತ್ತು ಪ್ಯಾಮ್. ನೀಲಿಯದ್ದೇ ಇರಲಿ.’